ದರ್ಜಿ ಹಿಡಿದ ಅಡ್ಡದಾರಿ

ಬೆಟ್ಟದ ರಕ್ಷಿತಾರಣ್ಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಅಡ್ಡದಾರಿ ಅಕ್ಕ ಎಂದು. ಹೆಸರು ಕೇಳಿ ಹುಬ್ಬೇರಿಸಬೇಡಿ, ಅವಳಷ್ಟು ನಿಯತ್ತಿನ ಹೆಂಗಸು ಸಿಗುವುದು ಕಷ್ಟ. ತಿರುವು ಬಳಸಿ ನಡೆಯಲು ಬೇಸರಪಡುವ ಪ್ರವಾಸಿಗರು ಹುಲ್ಲು ತುಳಿದು ನೇರ ಹತ್ತಿಳಿದರೆ ಅಲ್ಲೊಂದು ಅಡ್ಡದಾರಿ ಹುಟ್ಟುತ್ತದೆ. ಮಳೆ ಬಂದರೆ ಅದೇ ಕೊರಕಲಾಗುತ್ತದೆ. ಅಂಥವನ್ನು ಮುಚ್ಚಿ ಮತ್ತೆ ಹುಲ್ಲು ಬರಿಸುವುದೇ ಹನ್ನೊಂದು ವರ್ಷದಿಂದ ಅವಳ ಕೆಲಸ. ಗಂಡ ಪೇಟೆಯಲ್ಲಿ ದರ್ಜಿ. "ಹುಲ್ಲು ತಾನಾಗೇ ಬೆಳೆಯುತ್ತಪ್ಪ, ಅದಕ್ಕೂ ಸಂಬಳಾನಾ?" ಎಂದು ಕಾಲೆಳೆಯುತ್ತಿದ್ದ.

ಏಳನೇ ತಿರುವಿನ ಇಳಿಜಾರು ಮಾತ್ರ ಅವಳಿಗೆ ತಲೆನೋವಾಗಿತ್ತು. ನೆಟ್ಟ ಹುಲ್ಲು ಎರಡು ಸಲ ಕೊಚ್ಚಿಹೋಗಿತ್ತು. ಈ ಸಲವೂ ಹಿಡಿಯದಿದ್ದರೆ ತಂತಿಬೇಲಿಯೇ ಗತಿ ಎಂದು ಅರಣ್ಯಾಧಿಕಾರಿ ಹೇಳಿಬಿಟ್ಟಿದ್ದರು. ಬೇಲಿ ಬಂದರೆ ಕಾಡುಮೇಕೆಗಳು ಮರಿಗಳನ್ನು ಕಟ್ಟಿಕೊಂಡು ತೊರೆಗಿಳಿಯುವ ಜಾಗವೇ ಬಂದ್. ಅದು ಅಕ್ಕನಿಗೆ ಸುತರಾಂ ಬೇಡವಾಗಿತ್ತು. ಮಣ್ಣು ಜಾರದಂತೆ ನಾರಿನ ಬಲೆ ಹಾಸಿ, ಗೂಟ ಹೊಡೆದು, ಮಗುವಿನ ಹಾಗೆ ಸಾಕಿ, ಕೊನೆಗೂ ಬೆರಳುದ್ದ ಹಸಿರು ತರಿಸಿದಳು. ಬುಧವಾರ ಅಧಿಕಾರಿ ಬಂದು ನೋಡುವವರಿದ್ದರು.

ಅದೇ ಬುಧವಾರ ಮಧ್ಯಾಹ್ನ ಅವಳು ತೊರೆಯಿಂದ ಕೊಡ ತುಂಬಿಕೊಂಡು ಬಂದು ನೋಡುತ್ತಾಳೆ, ಬಲೆ ಹರಿದಿದೆ, ಹುಲ್ಲಿನ ಮೇಲೆ ಉದ್ದಕ್ಕೂ ಬೂಟಿನ ಗುರುತು! ಮೈಯೆಲ್ಲ ಉರಿದುಹೋಯಿತು. ಅಷ್ಟು ಸಿಟ್ಟಿನಲ್ಲೂ ತಿರುವು ಬಳಸಿಯೇ ಹತ್ತಿದಳು. ಮೇಲೆ ಬಂಡೆಯ ಮೇಲೆ ಏದುಸಿರು ಬಿಡುತ್ತಾ ಕೂತಿದ್ದವನು ಅವಳ ಗಂಡ.

"ಊಟದ ಡಬ್ಬಿ ಮನೇಲೇ ಬಿಟ್ಟು ಬಂದಿದ್ದೀಯಲ್ಲೇ. ಹಸಿದಿರ್ತೀಯ ಅಂತ ಒಂದೇ ಉಸಿರಿಗೆ ಬಂದೆ."

"ಊರವರನ್ನೆಲ್ಲ ತಡೆದೆ. ಕಟ್ಕೊಂಡ ಗಂಡನೇ ಅಡ್ಡದಾರಿ ಹಿಡಿದ್ರೆ ಯಾರಿಗೆ ಹೇಳ್ಲಿ ರೀ?" ಎಂದವಳ ಕಣ್ಣು ತುಂಬಿತು.

"ಅಲ್ಲಿ ಹುಲ್ಲಿತ್ತಾ? ನಾನು ನೋಡ್ಲೇ ಇಲ್ಲ ಕಣೇ."

ತುಳಿದದ್ದಕ್ಕಿಂತ ಆ ಮಾತಿನಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಬೇಲಿಯ ಕತೆ, ಮೇಕೆಗಳ ಕತೆ ಎಲ್ಲವನ್ನೂ ಅಳುತ್ತಲೇ ಹೇಳಿದಳು. ದರ್ಜಿ ಅವಳ ಚೀಲದಿಂದ ದಬ್ಬಣ, ಹುರಿ ತೆಗೆದುಕೊಂಡು, ಈ ಸಲ ಬಳಸಿಕೊಂಡೇ ಇಳಿದು, ಇಳಿಜಾರಿನ ಅಂಚಿನಲ್ಲಿ ಮಂಡಿಯೂರಿದ. ಮೂಗು ಹುಲ್ಲಿಗೆ ತಾಗುವಷ್ಟು ಬಗ್ಗಿ ಹರಿದ ಬಲೆ ಹೊಲಿಯತೊಡಗಿದ.

"ಇಷ್ಟನ್ನೂ ಒಂದೊಂದಾಗಿ ನೀನೇ ನೆಟ್ಟಿದ್ದಾ?"

"ಮತ್ತಿನ್ಯಾರು?"

ಹೊಲಿಗೆ ಮುಗಿಯುವ ಮೊದಲೇ ಅಧಿಕಾರಿ ಬಂದರು. "ಏನಮ್ಮಾ ಇದು, ಮತ್ತೆ ಯಾರೋ ತುಳಿದಿದ್ದಾರಲ್ಲ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ದರ್ಜಿ ದಬ್ಬಣ ಹಿಡಿದುಕೊಂಡೇ ಎದ್ದು ನಿಂತ. "ನಾನೇ ಸಾರ್. ಬೇಲಿ ಹಾಕೋದಾದ್ರೆ ನನಗೆ ಹಾಕಿ, ಮೇಕೆಗಳಿಗೆ ಬೇಡ."

ಅಧಿಕಾರಿ ನಕ್ಕು, ಹೊಲಿಗೆಯನ್ನು ಬಗ್ಗಿ ನೋಡಿ, ಇನ್ನೊಂದು ಮಳೆಗಾಲ ನೋಡೋಣ ಎಂದರು. ಅಕ್ಕನಿಗೆ ನಗು ಬರಲಿಲ್ಲ. ಈ ಮನುಷ್ಯನನ್ನು ಇನ್ನೊಂದು ಸಲ ಮದುವೆಯಾಗಬಹುದು ಅನ್ನಿಸಿತು.