ಚೆತ್ತಾ ಬದಲಿಸದ ಕರೆಂಟು ಕಂಪನಿ

ಮೋರ್ವೆಲ್ ಊರಿನ ನಮ್ಮ ಬೀದಿಯಲ್ಲಿ ಅಗ್ಗದ ದರ ನೋಡಿ ಕರೆಂಟು ಕಂಪನಿ ಬದಲಿಸದೆ ಉಳಿದವಳು ಚೆತ್ತಾ ಒಬ್ಬಳೇ. ಪಕ್ಕದ ಮನೆಯವಳಾದ ನಾನು ಎರಡು ವರ್ಷ ಅವಳ ಬೆನ್ನು ಬಿದ್ದಿದ್ದೆ.

"ಕಂಬ ಅದೇ, ತಂತಿ ಅದೇ, ಮೀಟರೂ ಅದೇ ಮಾರಾಯ್ತಿ. ಬಿಲ್ಲಿನ ಮೇಲಿನ ಹೆಸರೊಂದು ಬದಲಾಗುತ್ತೆ, ಅಷ್ಟೇ."

"ನಿನಗೇನು, ನಿನ್ ಗಂಡ ಪುಕ್ಕಟೆ ಉಸಿರಾಡ್ತಾನೆ," ಅಂದಳು.

ಅವಳ ಗಂಡ ವೆನ್ಸು ನಲವತ್ತು ವರ್ಷ ಇಲ್ಲಿಯ ವಿದ್ಯುತ್ ಸ್ಥಾವರದಲ್ಲಿ ದುಡಿದವನು. ಶ್ವಾಸಕೋಶ ಕೈಕೊಟ್ಟ ಮೇಲೆ ಮಂಚದ ಪಕ್ಕದ ಆಕ್ಸಿಜನ್ ಯಂತ್ರವೇ ಅವನಿಗೆ ಗತಿ. ಡಾಕ್ಟರ ಸಹಿ ನೋಡಿ ಕಂಪನಿ ಆ ಮನೆಯನ್ನು 'ಲೈಫ್ ಸಪೋರ್ಟ್' ಪಟ್ಟಿಗೆ ಸೇರಿಸಿತ್ತು. ಆ ಪಟ್ಟಿಯಲ್ಲಿದ್ದರೆ, ರಿಪೇರಿಗೆ ಕರೆಂಟು ತೆಗೆಯುವ ಮೊದಲು ಪತ್ರ ಬರುತ್ತದೆ. ಕಂಪನಿ ಬದಲಿಸಿದರೆ ಹೊಸದಾಗಿ ಹೆಸರು ಬರೆಸಬೇಕು.

"ಆ ಕಾಗದ ನಡುವೆ ಎಲ್ಲಾದ್ರೂ ಕಳೆದುಹೋದ್ರೆ?"

"ಹಾಗೆಲ್ಲ ಆಗಲ್ಲ."

"ಆಗಲ್ಲ ಅಂತ ನೀನು ಹೇಳ್ತೀಯ. ಉಸಿರು ಕಟ್ಟೋದು ಅವನಿಗೆ."

ಎಂಥ ಹಟಮಾರಿ ಹೆಂಗಸು ಎಂದು ಬೈದುಕೊಂಡು ಬಂದಿದ್ದೆ.

ವೆನ್ಸು ಮಾರ್ಚ್‌ನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಯಂತ್ರವನ್ನು ಬಾಡಿಗೆಗೆ ಕೊಟ್ಟವರು ಬಂದು ಒಯ್ದರು. ಚಳಿಗಾಲ ಶುರುವಾದಾಗ ನಾನು ಮತ್ತೆ ಹೋದೆ, ಬುದ್ಧಿ ಇಲ್ಲದವಳು. "ಈಗಲಾದ್ರೂ ಬದಲಿಸು. ಈಗೇನು ಭಯ?"

ಅವಳು ನನ್ನ ಮುಂದೆ ಪಸ್ಟಿತ್ಸಿ ಅನ್ನೋ ಬಿಸಿ ಚೀಸ್ ಪಫ್ ಇಟ್ಟಳು. ಆಮೇಲೆ ಫ್ರಿಜ್ ಮೇಲಿಂದ ಒಂದು ಪತ್ರ ತಂದಳು. ವೆನ್ಸು ಹೆಸರಿಗೆ ಕಂಪನಿಯಿಂದ ಬಂದದ್ದು: ಮಂಗಳವಾರ ಒಂಬತ್ತರಿಂದ ಮೂರರವರೆಗೆ ಕರೆಂಟು ಇರುವುದಿಲ್ಲ, ನಿಮ್ಮ ಯಂತ್ರಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

"ಇವರಿಗೆ ನೀನು ತಿಳಿಸೇ ಇಲ್ವಾ?"

"ಪೆನ್ಷನ್ ಆಫೀಸಿಗೆ ತಿಳಿಸ್ದೆ, ಬ್ಯಾಂಕಿಗೆ ತಿಳಿಸ್ದೆ. ಎಲ್ಲರೂ ಟಕ್ ಅಂತ ಹೆಸರು ಹೊಡೆದುಹಾಕಿದ್ರು. ಇವನು ಉಸಿರಾಡ್ತಿದಾನೆ ಅಂದ್ಕೊಂಡಿರೋರು ಇವರೊಬ್ಬರೇ ಕಣೇ. ಬಿಟ್ಟುಬಿಡು."

ನಾನು ಪತ್ರವನ್ನು ಮಡಿಸಿ ಮತ್ತೆ ಫ್ರಿಜ್ ಮೇಲಿಟ್ಟೆ. ಎರಡು ವರ್ಷ ನಾನು ಮಾಡಿದ ಉಪದೇಶ ನೆನೆದು ನಾಚಿಕೆಯಾಯಿತು.

ಮಂಗಳವಾರ ಒಂಬತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಹೋಗಿ ನೋಡಿದರೆ ಚೆತ್ತಾ ಮಲಗುವ ಕೋಣೆಯಲ್ಲಿ ಖಾಲಿ ಮಂಚದ ಪಕ್ಕ ಕುಳಿತು ಕೈಗಡಿಯಾರ ನೋಡುತ್ತಿದ್ದಳು. ನಾನೂ ಕುರ್ಚಿ ಎಳೆದುಕೊಂಡೆ. ಮೂರು ಗಂಟೆಗೆ ದೀಪ ಹೊತ್ತಿಕೊಂಡಾಗ ಅವಳು "ಅಬ್ಬ" ಎಂದು ನಿಟ್ಟುಸಿರುಬಿಟ್ಟು, ದಿಂಬನ್ನು ಸರಿಮಾಡಿದಳು.