ಅಕ್ಕನ ಚೀಲದೊಳಗಿನ ನಂಬರು

ಆಗ ನನಗೆ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು. ನೆನೆದರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಆಂಡರ್ಸನ್‌ಪೇಟೆಯಲ್ಲಿ ನಮ್ಮ ತಮ್ಮನ ಮೊಮ್ಮಗುವಿಗೆ ನಾಮಕರಣ. ನಾನು, ನಮ್ಮಕ್ಕ ಇಬ್ಬರೇ ಹೊರಟಿದ್ದೆವು. ಅಕ್ಕನಿಗೆ ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಬೂದಿಕೋಟೆ ಹತ್ತಿರದ ನಮ್ಮೂರಿಗೆ ಬಂದು ನನ್ನ ಜೊತೆಗೇ ಇದ್ದಾಳೆ. ಕಿವಿ ಮಂದ. ಒಂದೊಂದು ಮಾತನ್ನೂ ಕೂಗಿ ಹೇಳಬೇಕು. ಅದಕ್ಕೆ ಅವಳಿಗೆ ಫೋನು ಕೊಡಿಸಿರಲಿಲ್ಲ. ಫೋನು ನನ್ನದು, ದಾರಿಯ ಯಜಮಾನಿಕೆಯೂ ನನ್ನದೇ.

ನನ್ನ ಓದು ಅಷ್ಟಕ್ಕಷ್ಟೆ. ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಅದಕ್ಕೆ ಮೊಮ್ಮಗಳು ನನ್ನ ಫೋನಿನಲ್ಲಿ ಎಲ್ಲರ ಮುಖ ಹಾಕಿಕೊಟ್ಟಿದ್ದಳು. ತಮ್ಮನ ಮುಖ ಒತ್ತಿದರೆ ತಮ್ಮ ಮಾತಾಡುತ್ತಾನೆ, ಡೈರಿಯವನ ಮುಖ ಒತ್ತಿದರೆ ಡೈರಿಯವನು. ಇನ್ನೇನು ಬೇಕು ಅಂದುಕೊಂಡಿದ್ದೆ.

ಹೊರಡುವ ಹಿಂದಿನ ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದವಳೇ ನಮ್ಮಿಬ್ಬರನ್ನೂ ಕೂರಿಸಿಕೊಂಡಳು.

"ಅಜ್ಜಿ, ಚಾರ್ಜು ತುಂಬಾ ಆಕಿದೀನಿ. ಸ್ಟೇಷನ್ನಾಗೆ ಯಾವ್ದೋ ವೈರಿಗೆ ಚುಚ್ಬೇಡ. ಮೆಸೇಜ್ ಬಂದೈತೆ ಓದ್ಕೊಡಪ್ಪಾ ಅಂತ ಕಂಡೋರ ಕೈಗೆ ಫೋನ್ ಕೊಡ್ಬೇಡ. ಯಾರಾನ ನಂಬರ್ ಬಂದಿರ್ತೈತೆ ಏಳಮ್ಮಾ ಅಂದ್ರೆ ಏಳ್ಬೇಡ."

"ಉಸಿರಾನ ಆಡ್ಬೋದೇನೇ?" ಅಂದೆ.

"ಆಡು. ಮೆಲ್ಲಗೆ."

ಆಮೇಲೆ ಫೋನಿಗೆ ಬೀಗ ಹಾಕಬೇಕು, ಕಳ್ಳರ ಕೈಗೆ ಸಿಕ್ಕಿದರೂ ತೆಗೆಯೋಕೆ ಬರಬಾರದು ಅಂದಳು. ನೋಡಿದರೆ ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ದಿನಾ ಬಾಗಿಲು ಸಾರಿಸಿ ನಾನು ಇಡುವ ರಂಗೋಲಿ ಚುಕ್ಕಿಯೇ! ನಿನಗೆ ಬರುವ ಗೆರೆಯನ್ನೇ ಎಳಿ ಅಂದಳು. ಎಳೆದೆ. ಫೋನು ಒಪ್ಪಿಕೊಂಡಿತು.

ಕೊನೆಗೆ ಅಳಿಸಿಹೋಗದಂಥ ದಪ್ಪ ಪೆನ್ನು ತಂದಳು. ನಮ್ಮಿಬ್ಬರ ಎಲೆಯಡಿಕೆ ಚೀಲಗಳ ಒಳಮಗ್ಗುಲಿಗೆ ತನ್ನ ನಂಬರು ಬರೆಯುತ್ತಾಳಂತೆ. "ಫೋನ್ ಕಳ್ದೋಗ್ಬೋದು, ಕೆಟ್ಟೋಗ್ಬೋದು. ಚೀಲ ಸೊಂಟ ಬಿಟ್ಟು ಎಲ್ಗೂ ಓಗಲ್ಲ" ಅಂದಳು.

ಅಕ್ಕ ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಸುರಿದು ಚೀಲ ಕೊಟ್ಟಳು. ನಾನು ಕೊಡಲಿಲ್ಲ.

"ನಾನೇನ್ ಡೈರಿ ಅಸೂನೇನೇ, ಕಿವಿಗೆ ಬಿಲ್ಲೆ ಒಡ್ಯೋಕೆ? ಅವಳ್ಗೆ ಬರಿ, ಸಾಕು. ತಪ್ಪೋಗೋಳು ಅವಳು."

ಅಕ್ಕ ಪಕ್ಕದಲ್ಲೇ ಕೂತು ಅಡಿಕೆ ಆಯುತ್ತಿದ್ದಳು. ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಬೆಳಿಗ್ಗೆ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು ಟಿಕೆಟ್ ತೆಗೆಸಿದೆವು. ತಮ್ಮನೂರ ಕಡೆಗೆ ಹೋಗುವ ಮಾರಿಕುಪ್ಪಂ ರೈಲು ಬಂತು. ಜನ ನುಗ್ಗಿದರು. ಸೆರಗು ಹಿಡಿದುಕೊಂಡು ಬಾ ಅಂತ ಅಕ್ಕನಿಗೆ ಕೂಗಿ, ನಾನು ಮೊಣಕೈಯಲ್ಲಿ ದಾರಿ ಮಾಡಿಕೊಂಡು ಹತ್ತಿದೆ. ಕಿಟಕಿ ಪಕ್ಕ ಇಬ್ಬರಿಗೆ ಜಾಗ ಹಿಡಿದು, ಗೆದ್ದವಳ ಹಾಗೆ ತಿರುಗಿ ನೋಡಿದರೆ ನನ್ನ ಹಿಂದೆ ಹೂವಿನ ಬುಟ್ಟಿ ಹೊತ್ತ ಹೆಂಗಸು ನಿಂತಿದ್ದಾಳೆ. ಅಕ್ಕ ಇಲ್ಲ.

ರೈಲು ಆಗಲೇ ಹೊರಟಿತ್ತು. ಕಿಟಕಿಯಿಂದ ಕಂಡಳು. ತಮ್ಮನ ಮನೆಗೆಂದು ತಂದಿದ್ದ ತುಪ್ಪದ ಡಬ್ಬಿ ಸೊಂಟಕ್ಕಿಟ್ಟುಕೊಂಡು ಬೇರೆ ಬೋಗಿಯ ಬಾಗಿಲು ನೋಡುತ್ತ ನಿಂತಿದ್ದಳು. ಅಕ್ಕಾ ಅಂತ ಕಿರುಚಿದೆ. ಎದುರಿಗೆ ಕೂಗಿದರೇ ಕೇಳಿಸದವಳಿಗೆ ಅಲ್ಲಿಗೆ ಏನು ಕೇಳಿಸೀತು?

ಬಂಗಾರಪೇಟೆ ಅಂದರೆ ನಮ್ಮೂರ ಬಸ್ ಸ್ಟಾಂಡ್ ಅಲ್ಲ. ಒಂದು ರೈಲು ಬೆಂಗಳೂರಿಗೆ ಹೋಗುತ್ತದೆ, ಇನ್ನೊಂದು ಮದ್ರಾಸಿಗೆ. ಯಾವುದು ಬಂದರೂ ನಾನು ಒಳಗಿದ್ದೇನೆ ಅಂತ ಹತ್ತಿಬಿಡುವವಳು ಅವಳು.

ಫೋನು ತೆಗೆದೆ. ಚುಕ್ಕಿ ಬಂದವು. ಬಾಗಿಲ ಮುಂದೆ ಯಾವ ಮೂಲೆಯಿಂದ ಶುರು ಮಾಡಿದರೂ ರಂಗೋಲಿ ರಂಗೋಲಿಯೇ. ಮೇಲಿನಿಂದ ಎಳೆದೆ. ಒಪ್ಪಲಿಲ್ಲ. ಕೆಳಗಿನಿಂದ ಎಳೆದೆ, ಪಕ್ಕದಿಂದ ಎಳೆದೆ. ಆಕಾರ ಸರಿಯಾಗೇ ಇತ್ತು. ಆದರೆ ಹಿಂದಿನ ಸಂಜೆ ಯಾವ ಚುಕ್ಕಿಯಿಂದ ಶುರು ಮಾಡಿದ್ದೆನೋ ಅಲ್ಲಿಂದಲೇ ಅದಕ್ಕೆ ಬೇಕು. ಅದು ನೆನಪಿಟ್ಟುಕೊಂಡಿತ್ತು, ನಾನು ಇಟ್ಟುಕೊಂಡಿರಲಿಲ್ಲ. ಕೊನೆಗೆ ಚುಕ್ಕಿ ತೋರಿಸುವುದನ್ನೂ ನಿಲ್ಲಿಸಿತು.

ಹೂವಿನವಳು ಕೋಲಾರದ ಗಣಿ ಕಡೆಯ ತಮಿಳಿನವಳು, ಅಜ್ಜಿಗೆ ಪಾಟಿ ಅನ್ನುವವಳು. "ಅಳ್ಬೇಡ ಪಾಟಿ. ನಂಬರ್ ಸೊಲ್ಲು, ನನ್ ಫೋನ್ಲೇ ಮಾಡ್ತೀನಿ" ಅಂದಳು.

ಬಾಯಿ ತೆರೆದೆ. ಒಂದು ನಂಬರೂ ಇಲ್ಲ. ತಮ್ಮನದೂ ಇಲ್ಲ, ಮೊಮ್ಮಗಳದೂ ಇಲ್ಲ.

"ನಂಬರ್ ಗೊತ್ತಿಲ್ಲಮ್ಮ. ಮುಖ ಗೊತ್ತು."

"ಯಾರ್ ಮುಖ?"

"ನಮ್ ಮೊಮ್ಮಗಳ್ದು. ಎರಡು ಜಡೆ ಆಕಿರ್ತಾಳೆ. ಮೇಲಿಂದ ಎರಡ್ನೇದು."

ಎದುರು ಸೀಟಿನಲ್ಲಿ ಸೆಕ್ಯೂರಿಟಿ ಕೆಲಸದ ಡ್ರೆಸ್ಸಿನಲ್ಲಿದ್ದವನು, "ಆ ಎರಡು ಜಡೆ ನನ್ ಫೋನಾಗೂ ಇಲ್ವಲ್ಲಜ್ಜಿ!" ಅಂದ. ಸುತ್ತಲಿದ್ದವರು ನಕ್ಕರು. ಕೆಟ್ಟ ನಗು ಅಲ್ಲ. ಆದರೂ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅವನೇ ಮತ್ತೆ ಕೇಳಿದ: "ರೈಲ್ವೆ ಪೊಲೀಸ್ನೋರ್ಗೆ ಏಳ್ತೀನಿ. ನಿಮ್ಮಕ್ಕ ಯಾವ್ ಬಣ್ಣದ್ ಸೀರೆ ಉಟ್ಟವ್ರೆ?"

ಬೆಳಿಗ್ಗೆ ಅವಳ ನೆರಿಗೆ ಹಿಡಿದು ಸರಿಮಾಡಿದವಳು ನಾನು. ಬಣ್ಣ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು. ಎರಡು ಜಡೆ. ಬಂದ ಫೋನು ಎತ್ತುವುದಕ್ಕೆ ಬೀಗದ ಗೊಡವೆ ಇಲ್ಲ ಅಂತ ಆಗ ಗೊತ್ತಾಯಿತು.

"ಅಜ್ಜಿ, ದೊಡ್ಡಜ್ಜಿ ಬಂಗಾರಪೇಟೆ ಸ್ಟೇಷನ್ನಾಗೇ ಅವ್ಳೆ. ಚೀಲ ತಿರುಗ್ಸಿ ಪೊಲೀಸಮ್ಮಂಗೆ ತೋರಿಸ್ದಳಂತೆ, ಅವರು ಫೋನ್ ಮಾಡಿದ್ರು. ಬೆಂಚ್ ಮೇಲೆ ಟೀ ಕುಡೀತಾ ಅವ್ಳೆ. ನೀನೆಲ್ಲಿದೀಯ?"

"ರೈಲಾಗೆ."

"ರೈಲ್ ಎಲ್ಲೈತೆ?"

ಹೊರಗೆ ಒಂದು ಹಳದಿ ಬೋರ್ಡು ಹಾದುಹೋಯಿತು. ಮೊದಲ ಅಕ್ಷರ ಹಿಡಿಯುವಷ್ಟರಲ್ಲಿ ಹೋಗಿಯೇಬಿಟ್ಟಿತು. "ಗೊತ್ತಿಲ್ಲ ಕಣೇ" ಅಂದೆ.

ಕಂಡವರ ಕೈಗೆ ಫೋನು ಕೊಡಬೇಡ ಅಂದಿದ್ದಳು. ಅದನ್ನೂ ಕೊಟ್ಟೆ. ಸೆಕ್ಯೂರಿಟಿಯವನು ಮಾತಾಡಿ, ಮುಂದಿನ ಸ್ಟೇಷನ್ನಿನಲ್ಲಿ ನನ್ನನ್ನು ಇಳಿಸಿದ. ಹೂವಿನವಳು ತನ್ನ ಬುಟ್ಟಿ ಹೊತ್ತುಕೊಂಡೇ ಬಂದು ಬಂಗಾರಪೇಟೆ ಬಸ್ಸು ಹತ್ತಿಸಿದಳು. ಕಂಡಕ್ಟರಿಗೆ, "ಇವರು ಎಲ್ಲೂ ಇಳೀದಂಗೆ ನೋಡ್ಕೋಪ್ಪಾ" ಅಂದಳು. ಕೂಸನ್ನು ಒಪ್ಪಿಸಿದ ಹಾಗೆ.

ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ತುಪ್ಪದ ಡಬ್ಬಿ ತೊಡೆಯ ಮೇಲೆ. ಪಕ್ಕದಲ್ಲಿ ಪೊಲೀಸಮ್ಮ. ಹಸಿರು ಸೀರೆ. ಬಣ್ಣ ಈಗ ಕಂಡಿತು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟಳು. ಉಳಿಸಿಕೊಂಡಿದ್ದ ಅರ್ಧ ಬನ್ನು ಕೈಗಿಟ್ಟಳು.

"ತಪ್ಪೋಗೋಳು ಅವಳು ಅಂದಿದ್ಯಲ್ಲೇ?" ಅಂದಳು.

ಕೋಪ ಇರಲಿಲ್ಲ. ಇದ್ದಿದ್ದರೆ ನಾನೂ ಒಂದು ತಿರುಗಿಸಿ ಕೊಡುತ್ತಿದ್ದೆ. ಕಿವಿ ಮಂದ ಅಂತ ಇಷ್ಟು ವರ್ಷ ಅವಳ ಎದುರಿಗೇ ಏನೇನು ಆಡಿದ್ದೆನೋ, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಬನ್ನನ್ನು ಅವಳ ಟೀಯಲ್ಲಿ ಅದ್ದಿ ನುಂಗಿದೆ.

ಬಸ್ಸಿನಲ್ಲಿ ಆಂಡರ್ಸನ್‌ಪೇಟೆಗೆ ಹೋಗುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಎಲೆ ಹಾಕಿದ್ದರು. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು; ಮೊಮ್ಮಗಳು ಫೋನಿನಲ್ಲಿ ಬಿಲ್ಲೆಯ ಮಾತನ್ನೂ ಬಿಡದೆ ಹೇಳಿದ್ದಳು. ಬಾಗಿಲಲ್ಲೇ ತಮ್ಮ, "ಬನ್ರಪ್ಪಾ, ತಪ್ಪೋದ ಅಸು ಬಂತು! ಬಿಲ್ಲೆ ಐತಾ ನೋಡ್ರಿ ಕಿವೀಲಿ!" ಅಂತ ಕೂಗಿದ. ಚಿಕ್ಕವರು ದೊಡ್ಡವರು ಎಲ್ಲ ನಕ್ಕರು. ಒಬ್ಬಟ್ಟು ಬಡಿಸುತ್ತಿದ್ದ ತಮ್ಮನ ಹೆಂಡತಿ ನನ್ನ ಕಿವಿ ಹಿಡಿದೇ ನೋಡಿದಳು. ಅಕ್ಕ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವಳಿಗೆ ಅದು ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಈಗಂತೂ ಅವಳಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಅಂತ ನಾನು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಸಂಜೆ ಊರಿಗೆ ಬಂದಾಗ ಮೊಮ್ಮಗಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಬೀಗ ತೆಗೆದು, ಫೋನು ಚಾರ್ಜಿಗೆ ಹಾಕಿ, ಓದಲು ಕೂತಳು. ಅಕ್ಕನಿಗೆ ತಪ್ಪಾಯಿತು ಅನ್ನಬೇಕು ಅಂದುಕೊಂಡೆ. ಕೂಗಿ ಹೇಳಬೇಕಲ್ಲ, ಬೀದಿಗೆಲ್ಲ ಕೇಳಿಸುತ್ತದಲ್ಲ ಅಂತ ಸುಮ್ಮನಾದೆ. ಅದೂ ಒಂದು ನೆವ.

ಮರುದಿನ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದೆ. ಮೊಮ್ಮಗಳು ಕಾಲೇಜಿಗೆ ಹೊರಟು ಜಡೆ ಹಾಕಿಕೊಳ್ಳುತ್ತಿದ್ದಳು, ಅಕ್ಕ ಹೊಸಿಲ ಹತ್ತಿರ ಕೂತಿದ್ದಳು. ನನ್ನ ಎಲೆಯಡಿಕೆ ಚೀಲವನ್ನು ಅಕ್ಕನ ಕಣ್ಣೆದುರಿಗೇ ನೆಲಕ್ಕೆ ಸುರಿದು, ಒಳಮಗ್ಗುಲು ಹೊರಗೆ ಮಾಡಿ, ದಪ್ಪ ಪೆನ್ನಿನ ಜೊತೆ ಹುಡುಗಿಯ ಕೈಗಿಟ್ಟೆ.

"ಬರಿ," ಅಂದೆ, ಅಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ.