ಶಾಲಿಗೆ ಸಿಗದ ಗಿಟಾರು

ನನಗೆ ಶಾಲು ಹೊದಿಸುತ್ತಾರೆ ಎಂಬ ಸುದ್ದಿ ಮೊದಲು ಗೊತ್ತಾದದ್ದು ನನ್ನ ಹೆಂಡತಿಗೆ. ಮಠದ ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುವವನ ಮನೆಯಾಕೆ ಕಿರಾಣಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದಳಂತೆ. ಶ್ರಾವಣದ ಕೊನೆಯ ಸೋಮವಾರ ಸನ್ಮಾನ. ಶಾಲು ಆಗಲೇ ಕಲಬುರಗಿಯಿಂದ ಬಂದಿದೆ, ಕೆಂಪು ಬಣ್ಣದ್ದು.

ನಾನು ಉಬ್ಬಿಹೋದೆ. ಮೂವತ್ತು ವರ್ಷಕ್ಕೂ ಮೇಲೆ ಸೋಮವಾರ ತಪ್ಪದೆ ಗಿಟಾರು ಬಾರಿಸಿದವನಿಗೆ ಇಷ್ಟಾದರೂ ಮಾಡಬೇಡವೇ ಎಂದುಕೊಂಡೆ. ಸ್ನಾನಕ್ಕೆ ನೀರು ತೋಡಿಕೊಳ್ಳುವಾಗ ತಟ್ಟನೆ ಹೊಳೆಯಿತು. ಈ ಹಿಂದೆ ಮಂಡಳಿ ಇಬ್ಬರಿಗೆ ಶಾಲು ಹೊದಿಸಿತ್ತು. ತಾಳ ಹಾಕುತ್ತಿದ್ದ ಹಿರಿಯರಿಗೆ ಕಿವಿ ಮಂದವಾದಾಗ ಒಮ್ಮೆ, ಹಾಡುತ್ತಿದ್ದವರೊಬ್ಬರಿಗೆ ದಮ್ಮು ಹತ್ತಿದಾಗ ಇನ್ನೊಮ್ಮೆ. ಇಬ್ಬರೂ ಮರುವಾರದಿಂದ ಗೋಡೆಗೆ ಒರಗಿ, ಕೇಳುವವರ ಸಾಲಿನಲ್ಲಿ ಕುಳಿತರು. ಮಂಡಳಿಯಿಂದ ಏಳಿ ಎಂದು ಯಾರೂ ಅವರಿಗೆ ಅನ್ನಲಿಲ್ಲ. ಏಳಿ ಎನ್ನುವುದು ನಮ್ಮ ಕಡೆ ಒರಟುತನ. ನಾವು ಶಾಲು ಹೊದಿಸುತ್ತೇವೆ.

ನಾನು ಶಹಾಬಾದಿನವನು. ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವುದು, ಮನೆಗಳಿಗೆ ಹಾಸುವುದು ನನ್ನ ಕಸುಬು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎಷ್ಟೋ ಮನೆಗಳಲ್ಲಿ ಜನ ಇಂದಿಗೂ ನಾನು ಹಾಸಿದ ಕಲ್ಲಿನ ಮೇಲೆ ಓಡಾಡುತ್ತಾರೆ. ಗಿಟಾರು ಸಿಕ್ಕಿದ್ದೂ ಈ ಕೆಲಸದಿಂದಲೇ. ವಾಡಿಯಲ್ಲಿ ರೈಲ್ವೆ ಡ್ರೈವರೊಬ್ಬರು ನಿವೃತ್ತರಾಗಿ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದರು. ಪಕ್ಕದ ಮನೆಗೆ ಕಲ್ಲು ಹಾಸಲು ಹೋಗಿದ್ದ ನಾನು, ಅವರ ಕಟ್ಟೆಯ ಮೇಲಿದ್ದ ಗಿಟಾರನ್ನು ಮೂರು ದಿನ ನೋಡಿದ್ದೇ ನೋಡಿದ್ದು. ನಾಲ್ಕನೆಯ ದಿನ ಅವರೇ ಕರೆದು, "ತೊಗೊಂಡು ಹೋಗಪ್ಪ, ನಿನ್ನ ಕಣ್ಣು ಬಿದ್ದು ಸವೀಲಿಕತ್ತದ" ಎಂದು ಕೊಟ್ಟುಬಿಟ್ಟರು.

ಕಲಿಸುವವರು ಯಾರೂ ಇರಲಿಲ್ಲ. ರೇಡಿಯೊ ಕೇಳಿ, ತಪ್ಪು ಮಾಡಿ, ಕೈಗೆ ಬಂದಷ್ಟು ಕಲಿತೆ. ಮಠಕ್ಕೆ ತಂದ ದಿನ ಕೆಲವರು ಇದು ಸಿನಿಮಾದವರ ವಾದ್ಯ ಎಂದು ಮುಖ ತಿರುಗಿಸಿದರು. ಮಂಡಳಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಹಿರಿಯರು, ಶಾಲೆಯ ಮಾಸ್ತರರು ಮಾತ್ರ, "ನನ್ನ ಪೇಟಿನೂ ಪರದೇಶದ್ದೇ ಅದ. ಶ್ರುತಿ ಕೂಡಿಸ್ಕೊಂಡು ಕುಂದ್ರು" ಎಂದರು. ಅಂದಿನಿಂದ ವಚನಕ್ಕೂ ತತ್ವಪದಕ್ಕೂ ಅವರ ಪೇಟಿಯ ಬಲಕ್ಕೆ ನನ್ನ ಜಾಗ.

ಮಾಸ್ತರರ ಬಾಯಿ ದೊಡ್ಡದು. ಒಂದು ಸ್ವರ ತಪ್ಪಿದರೂ ಎಲ್ಲರೆದುರು ಪೇಟಿ ನಿಲ್ಲಿಸಿಬಿಡುತ್ತಿದ್ದರು. "ಏ, ಯಾವ ಊರಿಗಿ ಹೊಂಟೀ? ನಾವ್ ಇಲ್ಲೇ ಇದ್ದೀವಿ, ತಿರುಗಿ ಬಾ!" ಎಂದು ಅವರು ಗದರಿದರೆ ಕೇಳಲು ಬಂದ ಹೆಂಗಸರೆಲ್ಲ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಮೂರು ವರ್ಷದ ಹಿಂದೆ ನನ್ನ ಎಡಗೈ ಬೆರಳುಗಳು ಬೆಳಿಗ್ಗೆ ಬಿಗಿಯತೊಡಗಿದವು. ಆಮೇಲೆ ಮಧ್ಯಾಹ್ನವೂ ಬಿಗಿದವು. ಕಲಬುರಗಿಯ ಡಾಕ್ಟರು ಕೀಲುವಾತ ಎಂದರು. ಇಂದು ಎಡಗೈ, ಮುಂದೆ ಬಲಗೈಗೂ ಬರಬಹುದು ಎಂದರು. ಗುಳಿಗೆ ನುಂಗು, ತಣ್ಣೀರು ಮುಟ್ಟಬೇಡ, ಕಲ್ಲು ಎತ್ತಬೇಡ, ಗಿಟಾರು ಬಿಡು. ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದೆ.

ಆದರೆ ತಂತಿ ಒತ್ತಲು ಬೆರಳು ಮಡಚಬೇಕಲ್ಲ? ಸೋಮವಾರದಿಂದ ಸೋಮವಾರಕ್ಕೆ ತಪ್ಪು ಹೆಚ್ಚಾಯಿತು. ಒಂದು ಸಂಜೆ ಇಡೀ ಪದವನ್ನೇ ಕೆಡಿಸಿದೆ. ಬೈಗುಳಕ್ಕೆ ಕಾದು ತಲೆ ಬಗ್ಗಿಸಿ ಕುಳಿತೆ. ಮಾಸ್ತರರು ನನ್ನ ಕಡೆ ನೋಡದೆ, ಮೆಲ್ಲಗೆ, "ಛಲೋ ಆಯ್ತು" ಎಂದರು. ಡಾಕ್ಟರು ಎಕ್ಸ್‌ರೇ ತೋರಿಸಿದಾಗಲೂ ನಾನು ಅಷ್ಟು ಹೆದರಿರಲಿಲ್ಲ. ಅಂದಿನಿಂದ ಅವರು ನನ್ನನ್ನು ಬೈಯಲೇ ಇಲ್ಲ. ಈಗ ಶಾಲು.

ಸನ್ಮಾನಕ್ಕೆ ಇಪ್ಪತ್ತು ದಿನ ಉಳಿದಿತ್ತು. ಸಿಟ್ಟು ಎಷ್ಟು ಬಂತೆಂದರೆ ಅಂದು ಊಟ ಸೇರಲಿಲ್ಲ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ಬಾರಿಸುವವರೂ ಇದ್ದಾರೆಂದು ನನಗೆ ಗೊತ್ತಿತ್ತು. ಅದಕ್ಕೆ ಬೆರಳು ಮಡಚುವುದೇ ಬೇಡ. ಮರುದಿನವೇ ಹೊಸದಾಗಿ ಕಲಿಯಲು ಕುಳಿತೆ.

ಉಕ್ಕಿನ ತುಂಡು ಅಂದೆ. ಆದರೆ ಕೈ ಹೋದದ್ದು ಗೊತ್ತಿದ್ದ ಕಡೆಗೆ. ಫರ್ಸಿಯ ಒಂದು ತುಂಡನ್ನು ಆರಿಸಿ, ಉಜ್ಜಿ ಉಜ್ಜಿ ದುಂಡಗೆ ಮಾಡಿ, ಮುಖ ಕಾಣುವಷ್ಟು ಪಾಲಿಶ್ ಹಿಡಿದೆ. ಎರಡು ದಿನ ಸ್ವರ ನುಣ್ಣಗೆ ಜಾರಿತು, ಹಿಗ್ಗಿದೆ. ವಾರ ತುಂಬುವುದರೊಳಗೆ ಉಕ್ಕಿನ ತಂತಿಗಳು ಕಲ್ಲಿನಲ್ಲಿ ಗೀರು ಕೊರೆದು, ಪ್ರತಿ ಸ್ವರವೂ ಕರಕರ ಎನ್ನತೊಡಗಿತು. ಅದು ಮೆದು ಕಲ್ಲು ಎಂದು ನನಗೆ ಗೊತ್ತಿರಲಿಲ್ಲವೇ? ಜೀವಮಾನವಿಡೀ ತಿಕ್ಕಿದವನು ನಾನೇ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನೀವು ಹಾಸಿದ ಕಲ್ಲಿನ ಮ್ಯಾಲೆ ಊರ ಮಂದಿ ತಿರುಗಾಡ್ಯಾರ, ಸವೀಲಿಲ್ಲ. ನೀವೊಬ್ರೇ ಕುಂತು ವಾರದಾಗ ಸವೆಸಿದ್ರಿ ನೋಡ್ರಿ" ಎಂದಳು.

ವಾಡಿಯ ಲೇಥ್ ಅಂಗಡಿಗೆ ಹೋದೆ. ನನ್ನ ಬೆರಳು ಎಷ್ಟು ಮುಚ್ಚುತ್ತವೋ ಅಷ್ಟೇ ದಪ್ಪದ ಉಕ್ಕಿನ ಸಲಾಕೆ ಬೇಕು ಎಂದೆ. ಮಿಸ್ತ್ರಿ ನನ್ನ ಕೈ ಹಿಡಿದು ಅಳತೆ ನೋಡಿ, "ಎದಕ್ಕ ಬೇಕು, ಚಾಚಾ?" ಎಂದ.

"ವಚನ ಹಾಡ್ಲಿಕ್ಕ" ಎಂದೆ. ಅವನು ಮತ್ತೇನೂ ಕೇಳದೆ ಕೊರೆದು ಕೊಟ್ಟ.

ಸಲಾಕೆ ಗಿಟಾರಿನ ಕತ್ತಿಗೆ ತಾಗದಂತೆ ಫರ್ಸಿಯ ತೆಳುವಾದ ಪಟ್ಟಿಯೊಂದನ್ನು ತಂತಿಗಳ ಕೆಳಗಿಟ್ಟು ಎತ್ತರಿಸಿದೆ; ಆ ಕೆಲಸಕ್ಕೆ ಕಲ್ಲು ಬಂತು. ಬೆಳಿಗ್ಗೆ ಬಿಸಿ ಉಪ್ಪುನೀರಿನಲ್ಲಿ ಕೈ ಇಟ್ಟು, ಬೆರಳು ಸಡಿಲಾದ ಮೇಲೆ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಲಗೈ ಹೆಬ್ಬೆರಳು ಆಗಲೇ ಮುನಿಸಿಕೊಳ್ಳಲು ಶುರುಮಾಡಿತ್ತು. ಅದರ ಸರದಿ ಬಂದಾಗ ಅದನ್ನೂ ನೋಡಿಕೊಂಡರಾಯಿತು ಎಂದುಕೊಂಡೆ. ಮಂಡಳಿಯವರಿಗೆ ಒಂದು ಮಾತೂ ಹೇಳಲಿಲ್ಲ. ನಡುವೆ ಬಂದ ಎರಡು ಸೋಮವಾರ ಜ್ವರವೆಂದು ಸುಳ್ಳು ಹೇಳಿದೆ.

ಆ ಸೋಮವಾರ ಮಠ ತುಂಬಿತ್ತು. ತಬಲಾದವನು ತಟ್ಟೆಯಲ್ಲಿ ಹಾರ, ಹಣ್ಣು, ಶಾಲು ಹಿಡಿದು ನಿಂತಿದ್ದ. ನನ್ನ ಹೆಸರು ಕೂಗಿದರು. ನಾನು ಹೋಗಿ ಪೇಟಿಯ ಬಲಕ್ಕೆ ಕುಳಿತು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿದೆ.

"ಮೊದಲ ಒಂದು ಪದ ಆಗ್ಲಿ, ಮಾಸ್ತರ್ರ. ಕೇಳಿ ಹೊದಿಸ್ಬೇಕು ಅನಿಸಿದ್ರ ಹೊದಿಸ್ರಿ" ಎಂದೆ.

ಮಾಸ್ತರರು ಸಲಾಕೆಯನ್ನು ನೋಡಿದರು, ನನ್ನ ಕೈ ನೋಡಿದರು, ಪೇಟಿ ತೆರೆದರು. ಮೊದಲ ನುಡಿಯಲ್ಲಿ ಸ್ವರ ಬೆಣ್ಣೆಯಂತೆ ಜಾರಿತು. ಗೋಡೆಗೆ ಒರಗಿದ್ದವರು ನೆಟ್ಟಗಾದರು. ಆ ಹುರುಪಿನಲ್ಲೇ ಎಡವಟ್ಟಾಯಿತು. ಎರಡನೆಯ ನುಡಿಯಲ್ಲಿ ಸಲಾಕೆ ಮೇಲಿನ ಷಡ್ಜ ದಾಟಿ ಮುಂದೆ ಹೋಯಿತು. ಸಭೆಯಲ್ಲಿದ್ದ ಮಕ್ಕಳಿಗೂ ಗೊತ್ತಾಗುವಂಥ ಅಪಸ್ವರ. ಮುಗಿಯಿತು, ಶಾಲು ಬಂತು ಎಂದುಕೊಂಡೆ.

ಪೇಟಿ ನಿಂತಿತು.

"ಏ! ಮ್ಯಾಲಿನ ಸಾ ಎಲ್ಲಿ ಅದ ಅಂತ ಗೊತ್ತಿಲ್ಲೇನು ನಿನಗ? ಕಣ್ಣು ಎಲ್ಲಿಟ್ಟಿದ್ದಿ?" ಮಾಸ್ತರರ ಧ್ವನಿ ಮಠದ ಬಾಗಿಲಾಚೆಗೂ ಕೇಳಿಸಿರಬೇಕು. "ಈ ನಮೂನಿ ಬಾರಿಸಿದ್ರ ಮಂಡಳಿ ಮರ್ಯಾದಿ ಉಳೀತದೇನು? ನಾಳಿ ಸಂಜಿ ಐದಕ್ಕ ಮನಿಗಿ ಬಾ. ಸಾ ಹಚ್ಚೂತನಕ ಬಿಡಂಗಿಲ್ಲ." ಆಮೇಲೆ ತಬಲಾದವನ ಕಡೆ ತಿರುಗಿ, "ನೀ ಏನು ತಟ್ಟಿ ಹಿಡ್ಕೊಂಡು ನಿಂತೀ? ಕುಂದ್ರು, ಠೇಕಾ ಹಿಡಿ" ಎಂದರು.

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ಅದರಲ್ಲಿ ನನ್ನ ಹೆಂಡತಿಯದೇ ಜೋರು. ನಾನು ತಲೆ ತಗ್ಗಿಸಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಎರಡನೆಯ ನುಡಿಯನ್ನು ಮೊದಲಿನಿಂದ ಹಿಡಿದೆ.

ಮರುದಿನ ಐದಕ್ಕೆ ಕರೆದಿದ್ದರು. ನಾನು ನಾಲ್ಕಕ್ಕೇ ಹೋಗಿ, ಬೈಸಿಕೊಳ್ಳಲು ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ.